ಸ್ಕಾಲರ್‌ಶಿಪ್ಪಿಗೆ ಹಾಕಿದ ಸಿಂಹಾಸನ

ಮನುಷ್ಯನಿಗೆ ಎರಡು ಮಾತನ್ನು ಒಟ್ಟಿಗೆ ಹೇಳಬಾರದು ಎನ್ನುವುದು ನನ್ನ ಅನುಭವ. ಎರಡರಲ್ಲಿ ಒಂದನ್ನಷ್ಟೇ ಅವನು ಕೇಳಿಸಿಕೊಳ್ಳುತ್ತಾನೆ, ಅದೂ ತನಗೆ ಹಿತವಾದದ್ದನ್ನು. "ಊಟ ಮಾಡಿ ಹೋಗ್ರಿ, ಅನ್ನ ಇನ್ನೂ ಆಗಬೇಕು" ಎಂದು ಯಾರಾದರೂ ಹೇಳಿದರೆ ನಮ್ಮ ಕಿವಿ ಊಟ ಎಂಬಲ್ಲಿಗೇ ಬಾಗಿಲು ಹಾಕಿಕೊಳ್ಳುತ್ತದೆ. ನನ್ನ ತಂಗಿ ನನಗೆ ಎರಡು ಮಾತು ಹೇಳಿದ್ದಳು. ನಾನು ಒಂದನ್ನು ಕೇಳಿಸಿಕೊಂಡೆ. ಅದರಿಂದ ಏನಾಯಿತು ಎನ್ನುವುದನ್ನು ಒಪ್ಪಿಕೊಂಡು ಹಗುರಾಗೋಣವೆಂದು ಬರೆಯಲು ಕೂತಿದ್ದೇನೆ. ಏಳನೆಯ ತರಗತಿಗೆ ಶಾಲೆ ಬಿಟ್ಟವನ ಬರಹ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹಾಗೆ ನೋಡಿದರೆ ಬರಹದ ತಪ್ಪಿಗಿಂತ ದೊಡ್ಡ ತಪ್ಪು ಮುಂದೆ ಬರುವುದಿದೆ.

ನಾನು ಮಾನ್ವಿಯ ಒಂದು ಟೆಂಟ್ ಹೌಸಿನಲ್ಲಿ ಕೆಲಸ ಮಾಡುತ್ತೇನೆ. ಮದುವೆಯಾಗಲಿ, ಸೀಮಂತವಾಗಲಿ, ಸತ್ತವರ ಮೂರನೆಯ ದಿನವಾಗಲಿ, ನಾಲ್ಕು ಜನ ಸೇರುತ್ತಾರೆಂದರೆ ಅಲ್ಲಿ ನಾನು ಶಾಮಿಯಾನ, ಕುರ್ಚಿ, ಜಮಖಾನೆ ಹೊತ್ತುಕೊಂಡು ಎರಡು ತಾಸು ಮೊದಲೇ ಇರುತ್ತೇನೆ. ಹದಿನೈದು ವರ್ಷ ಇದನ್ನೇ ಮಾಡಿ ಮಾಡಿ ಕಾರ್ಯಕ್ರಮ ಯಾವುದು ಎಂದು ಕೇಳುವ ಅಭ್ಯಾಸವೇ ತಪ್ಪಿಹೋಗಿದೆ. "ಎಷ್ಟ್ ಮಂದಿ ಬರ್ತಾರ್ರೀ?" ಎಂದಷ್ಟೇ ಕೇಳುತ್ತೇನೆ. ಒಮ್ಮೆ ತಿಥಿಯ ಮನೆಗೆ ಬಲೂನು ಕಟ್ಟಿ ಬಂದು ಸಾವ್ಕಾರರಿಂದ, ಅಂದರೆ ಟೆಂಟ್ ಹೌಸಿನ ಯಜಮಾನರಿಂದ, ವಾರಗಟ್ಟಲೆ ಬೈಸಿಕೊಂಡಿದ್ದೇನೆ. ಇಂಥವನ ತಂಗಿ ಸುಜಾತಾ. ನನಗಿಂತ ಹತ್ತು ವರ್ಷ ಚಿಕ್ಕವಳು. ನಾನು ಹನುಮಂತ, ಅವಳು ಸುಜಾತಾ. ಈ ಎರಡು ಹೆಸರಿನ ನಡುವೆ ನಮ್ಮ ಮನೆಯ ಗೋಡೆಯ ಮೇಲಿನ ಪಟ ಬದಲಾಗಿ ಬುದ್ಧ ಬಂದಿದ್ದ. ಅವಳು ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್‌ಸಿ. ಮುಗಿಸಿ, ಒಂದು ಪರೀಕ್ಷೆ ಬರೆದು, ರೈಲಿನಲ್ಲಿ ಒಂದು ಹಗಲೆಲ್ಲ ಕೂತು ಹೋಗಬೇಕಾದ ಊರಿನ ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಸೀಟು ತೆಗೆದುಕೊಂಡಳು. ವಿಷಯ ಬಯೋಮೆಡಿಕಲ್ ಇನ್ಫರ್ಮ್ಯಾಟಿಕ್ಸ್.

ಈ ಹೆಸರನ್ನು ನಾನು ತಪ್ಪಿಲ್ಲದೆ ಹೇಳುವುದನ್ನು ಕಲಿತದ್ದು ಒಂದು ವಾರದಲ್ಲಿ. ಅದು ಏನು ಎನ್ನುವುದು ಇನ್ನೂ ಪೂರ್ತಿ ತಿಳಿದಿಲ್ಲ. ಅವಳನ್ನು ಕಳಿಸಲು ರಾಯಚೂರು ಸ್ಟೇಷನ್ನಿಗೆ ಹೋದಾಗ ಕೇಳಿಯೇಬಿಟ್ಟೆ.

"ಸುಜಿ, ಇದು ಡಾಕ್ಟರ್ ಆಗೋದೇನು?"

"ಅಲ್ಲ ಯಣ್ಣಾ."

"ಮತ್ತ ಕಂಪ್ಯೂಟರೇನು?"

"ಬರೇ ಅದೂ ಅಲ್ಲ. ಯವ್ವನ ಚೀಟಿ ಚೀಲ ಅದ ನೋಡು…"

ನಮ್ಮವ್ವನ ಚೀಟಿ ಚೀಲ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಭಾರವಾದ ವಸ್ತು. ಅವಳು ಮಸರಕಲ್ಲಿನ ತವರಿಗೆ ಹೋದಾಗ ತಲೆ ತಿರುಗಿ ಬಿದ್ದು ದೇವದುರ್ಗದಲ್ಲಿ ತೋರಿಸಿದ ಚೀಟಿ, ಮಾನ್ವಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಕಾಗದ, ರಾಯಚೂರಿನಲ್ಲಿ ತೆಗೆಸಿದ ಎಕ್ಸ್‌ರೇ, ಎಲ್ಲ ಅದರಲ್ಲೇ. ಯಾವ ಡಾಕ್ಟರೂ ಆ ಚೀಲವನ್ನು ಪೂರ್ತಿ ಬಿಚ್ಚಿ ನೋಡಿದ್ದನ್ನು ನಾನು ಕಂಡಿಲ್ಲ. ಚೀಲ ನೋಡಿದ ಕೂಡಲೇ "ಮತ್ತೊಮ್ಮೆ ರಕ್ತ ಕೊಡ್ರಿ" ಎಂದುಬಿಡುತ್ತಾರೆ.

"ಈ ಮೂರೂ ಊರಿನ ಚೀಟಿಗೆ ಒಂದಕ್ಕೊಂದು ಗುರ್ತ ಇಲ್ಲ," ಎಂದಳು ಸುಜಾತಾ. "ದೇವದುರ್ಗದಾಗ ಕೊಟ್ಟ ಗುಳಿಗಿ ರಾಯಚೂರಿನ ಡಾಕ್ಟರಿಗೆ ಗೊತ್ತಿಲ್ಲ. ಅವೆಲ್ಲಾ ಕಂಪ್ಯೂಟರಿನಾಗ ಒಂದ ಕಡಿ ಕೂಡಬೇಕು. ಕೂಡಿದ ಮ್ಯಾಲ ಯಾವ ರೋಗ ಯಾವ ಊರಾಗ ಹೆಚ್ಚಾಗಾಕತ್ತದ, ಯಾಕ ಆಗಾಕತ್ತದ ಅಂತ ತಿಳೀಬೇಕು. ಅದನ್ನ ಓದಾಕ ಹೊಂಟೀನಿ."

"ಅಂದ್ರ ಚೀಟಿಗೋಳ ಮದಿವಿ ಮಾಡಸ್ತಿ."

"ಹಂಗಂತ ತಿಳ್ಕೋ," ಎಂದು ನಕ್ಕಳು. ನಾನು ಹಾಗೆಯೇ ತಿಳಿದುಕೊಂಡೆ. ಆದರೆ ಮಾನ್ವಿಗೆ ಬಂದು ಚಹಾದಂಗಡಿಯಲ್ಲಿ ಹೇಳುವಾಗ ಎಲ್ಲ ಕಲಸಿಹೋಯಿತು. "ನನ್ ತಂಗಿ ಎಕ್ಸ್‌ರೇ ಕಂಪ್ಯೂಟರಿನಾಗ ಜೋಡಸೋದು ಓದಾಕತ್ತಾಳ" ಎಂದೆ. ಚಹಾದಂಗಡಿಯ ಮಾಮು ಬಹಳ ಹೊತ್ತು ವಿಚಾರ ಮಾಡಿ, "ಒಡದ ಎಲಬಿನ ಫೋಟೋ ಜೋಡಿಸಿದ್ರ ಎಲಬು ಕೂಡ್ತದೇನಪಾ?" ಎಂದು ಕೇಳಿದ. ಉತ್ತರ ಗೊತ್ತಿಲ್ಲದ್ದರಿಂದ ಕೂಡುತ್ತದೆ ಎಂದೆ. ಈಗಲೂ ಆತ ನನ್ನ ತಂಗಿ ಓದು ಮುಗಿಸಿ ಬರುವುದನ್ನೇ ಕಾಯುತ್ತಿದ್ದಾನೆ. ಆತನ ಮೊಣಕಾಲಿಗೆ ನೋವಿದೆ.

ಇರಲಿ, ಸ್ಕಾಲರ್‌ಶಿಪ್ಪಿಗೆ ಬರುತ್ತೇನೆ. ಇಂಥದ್ದನ್ನೇ ಓದುವ ಮಕ್ಕಳಿಗೆಂದು ಒಂದು ಟ್ರಸ್ಟಿನವರು ಓದು ಮುಗಿಯುವವರೆಗೂ ಫೀಸು, ಹಾಸ್ಟೆಲು ಎಲ್ಲ ನೋಡಿಕೊಳ್ಳುತ್ತಾರಂತೆ. ಸುಜಾತಾ ಅರ್ಜಿ ಹಾಕಿದ್ದಳು, ಹೆಸರು ಮೊದಲ ಪಟ್ಟಿಯಲ್ಲಿ ಬಂದಿತ್ತು. ಅದು ಸಿಕ್ಕರೆ ಓದು, ಇಲ್ಲದಿದ್ದರೆ ಮೊದಲ ಸೆಮಿಸ್ಟರಿಗೇ ಗಂಟುಮೂಟೆ ಕಟ್ಟಿಕೊಂಡು ವಾಪಸು. ಇದು ನಮಗೆ ಮೂವರಿಗೂ ಗೊತ್ತಿತ್ತು. ಆಕೆ ಫೋನಿನಲ್ಲಿ ಹೇಳಿದಳು: "ಯಣ್ಣಾ, ಹುಡುಗಿ ಶಾಣ್ಯಾನೂ ಇರಬೇಕು, ಮನಿ ಬಡವರದೂ ಇರಬೇಕು. ಎರಡೂ ಇದ್ರ ಕೊಡ್ತಾರ. ನೋಡಾಕ ಒಬ್ರು ಮೇಡಮ್ಮು ರಾಯಚೂರಿಂದ ಮನೀಗೆ ಬರ್ತಾರ. ಮನಿ ಹೆಂಗ ಅದ ಹಂಗ ಇರ್ಲಿ."

ಮೊದಲೇ ಹೇಳಿದೆನಲ್ಲ, ಎರಡು ಮಾತು. ಹುಡುಗಿ ಶಾಣ್ಯಾ ಇರಬೇಕು ಎನ್ನುವುದು ನನ್ನ ಕಿವಿಯಲ್ಲಿ ಗಂಟೆಯಂತೆ ಬಾರಿಸಿತು. ನನ್ನ ತಂಗಿ ಜಾಣೆಯೆಂದು ಯಾರೋ ರಾಯಚೂರಿನಿಂದ ಬಸ್ಸು ಹತ್ತಿ ನೋಡಲು ಬರುತ್ತಿದ್ದಾರೆ! ಉಳಿದ ಮಾತು ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಹೋಯಿತು ಎನ್ನೋಣವೆಂದರೆ ನಾನು ಆಗ ಬಸ್‌ಸ್ಟ್ಯಾಂಡಿನಲ್ಲಿ ಇರಲಿಲ್ಲ. ಗೋದಾಮಿನಲ್ಲಿ ಒಬ್ಬನೇ ಪರದೆ ಮಡಚುತ್ತಿದ್ದೆ. ಸೂಜಿ ಬಿದ್ದರೂ ಕೇಳುತ್ತಿತ್ತು.

ನಮ್ಮ ಓಣಿಯ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಯಾರ ಮನೆಗಾದರೂ ಹೆಣ್ಣು ನೋಡಲು ಮಂದಿ ಬರುತ್ತಾರೆಂದರೆ ಓಣಿಯ ಒಳ್ಳೆಯ ಸಾಮಾನೆಲ್ಲ ಆ ಮನೆಯಲ್ಲಿ ಹೋಗಿ ಕೂಡುತ್ತವೆ. ಒಬ್ಬರ ಮನೆಯ ಟೇಬಲ್ ಫ್ಯಾನು, ಒಬ್ಬರ ಮನೆಯ ಹೂವಿನ ಚಾದರ, ಮತ್ತೊಬ್ಬರ ಮನೆಯ ಆರು ಗಾಜಿನ ಕಪ್ಪು. ಆ ಆರು ಕಪ್ಪುಗಳು ನಮ್ಮ ಓಣಿಯ ಎಲ್ಲ ಹೆಣ್ಣುಮಕ್ಕಳ ಸಂಬಂಧಕ್ಕೂ ಸಾಕ್ಷಿ. ಯಾವ ಬೀಗರು ಸಕ್ಕರೆ ಹೆಚ್ಚು ಕೇಳಿದರು, ಯಾವ ವರ ಸಾಸರಿಗೆ ಸುರಿದುಕೊಂಡು ಕುಡಿದ, ಅವಕ್ಕೆ ಗೊತ್ತು. ಇದರಲ್ಲಿ ಸುಳ್ಳೇನೂ ಇಲ್ಲ ಎಂದು ನಾವು ತಿಳಿದಿದ್ದೇವೆ. ಬರುವ ಬೀಗರ ಓಣಿಯಲ್ಲೂ ಹೀಗೇ ನಡೆಯುತ್ತದೆ, ಅವರಿಗೂ ಗೊತ್ತು. ಮನೆಗೆ ಬಂದವರಿಗೆ ಮರ್ಯಾದೆ ತೋರಿಸಿದಂತೆ ಅಷ್ಟೇ.

ನನ್ನ ಕೈಗೆ ಓಣಿಯ ಕಪ್ಪಷ್ಟೇ ಅಲ್ಲ, ಇಡೀ ಟೆಂಟ್ ಹೌಸೇ ಇತ್ತು. "ಮನೀಗೆ ದೊಡ್ಡೋರು ಬರ್ತಾರ್ರೀ ಸಾವ್ಕಾರ್ರೇ, ಒಂದೀಟ್ ಸಾಮಾನು ಒಯ್ಲೇನು?" ಎಂದೆ. "ಒಯ್ಯಿ. ಮಧ್ಯಾಹ್ನ ಮೂರಕ್ಕ ದೇವದುರ್ಗದ ಮದಿವಿಗೆ ಲೋಡ್ ಆಗಬೇಕು ನೋಡು," ಎಂದರು. ಒಂದಿಷ್ಟು ಎಂದವನು ಟಂಟಂ ಆಟೋ ತುಂಬ ತುಂಬಿಕೊಂಡು ಹೋದೆ. ಮಣ್ಣುನೆಲದ ಮೇಲೆ ಕೆಂಪು ಜಮಖಾನೆ. ತಗಡಿನ ಮೇಲ್ಛಾವಣಿ ಕಾಣದಂತೆ ಜರಿಯ ಬಿಳಿ ಬಟ್ಟೆ, ಅದರ ನಡುವೆ ಗಾಜಿನ ತೂಗುದೀಪ. ಅವ್ವನ ಹೊರಸು ಇರುತ್ತಿದ್ದ ಜಾಗದಲ್ಲಿ ಮದುಮಕ್ಕಳು ಕೂರುವ ಜೋಡಿ ಸಿಂಹಾಸನ: ಕೆಂಪು ಮಖಮಲ್ಲು, ಬಂಗಾರದ ಬಣ್ಣದ ಕಾಲು, ಎರಡೂ ಕೈಗೆ ಬಾಯಿ ತೆರೆದ ಸಿಂಹದ ಮುಖ. ಬಾಗಿಲಿನಲ್ಲಿ ಅದು ಹಿಡಿಸದೆ ಚೌಕಟ್ಟಿನ ಒಂದು ಪಟ್ಟಿಯನ್ನೇ ಕಿತ್ತೆ. ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಲೇ ಹನುಮ್ಯಾ, ಯಾರದಲೇ ಮದಿವಿ?"

"ನೀ ಸುಮ್ನಿರು ಯವ್ವಾ. ಸುಜಿ ಸ್ಕಾಲರ್‌ಶಿಪ್ಪು."

ಅವ್ವನಿಗೆ ಅಕ್ಷರ ಬಾರದು. ಸ್ಕಾಲರ್‌ಶಿಪ್ಪನ್ನು ಹೀಗೇ ಮಾಡುತ್ತಾರೇನೋ ಎಂದು ಸುಮ್ಮನಾದಳು.

ಮೇಡಂ ಬಂದರು. ಚಿಕ್ಕ ವಯಸ್ಸು, ದಕ್ಷಿಣದ ಕಡೆಯ ಕನ್ನಡ, ಹೆಗಲಲ್ಲೊಂದು ಚೀಲ, ಕೈಯಲ್ಲೊಂದು ಫಾರಮ್ಮು. ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಸಿಂಹಾಸನ ನೋಡಿ, ಒಂದು ಗಳಿಗೆ ಅಲ್ಲೇ ನಿಂತರು. "ಬರ್ರಿ ಮೇಡಂ, ಕೂಡ್ರಿ" ಎಂದು ವಧುವಿನ ಜಾಗ ತೋರಿಸಿದೆ. ಅವರು ಸಿಂಹದ ತಲೆಯ ಮೇಲೆ ಫಾರಮ್ಮಿಟ್ಟುಕೊಂಡು ಕೂತರು. ಕಾಲು ನೆಲಕ್ಕೆ ಎಟುಕಲಿಲ್ಲ. ನಾನು ಕೈಕಟ್ಟಿ ನಿಂತೆ. ಅವ್ವ ಆರು ಕಪ್ಪಿನಲ್ಲಿ ಒಂದರಲ್ಲಿ ಚಹಾ, ತಟ್ಟೆಯಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ತಂದಿಟ್ಟಳು. ಮೇಡಂ ಫೋನಿನಿಂದ ಫೋಟೋ ತೆಗೆದರು. ಅವ್ವ ವರನ ಜಾಗದಲ್ಲಿ ಕೂತ ಫೋಟೋ ಒಂದು, ತೂಗುದೀಪದ್ದೊಂದು. ಆಮೇಲೆ ಸುಜಾತಾ ಬರೆದ ಅರ್ಜಿಯಿಂದ ಒಂದು ಸಾಲು ಓದಿದರು: "'ನನ್ನ ಓದಿಗಾಗಿ ನನ್ನ ಅಣ್ಣ ಶಾಲೆ ಬಿಟ್ಟ.' ನೀವೇ ಅಲ್ವಾ ಆ ಅಣ್ಣ?"

ನಾನು ತಲೆ ತಗ್ಗಿಸಿದೆ. ನಾಚಿಕೆಯಿಂದ ತಗ್ಗಿಸಿದ ತಲೆ ವಿನಯದಿಂದ ತಗ್ಗಿಸಿದಂತೆ ಕಾಣುತ್ತದೆ, ಅದೊಂದು ಅನುಕೂಲ. ನಿಜ ಹೇಳುತ್ತೇನೆ: ನಾನು ಶಾಲೆ ಬಿಟ್ಟಾಗ ಸುಜಾತಾಗೆ ಮೂರು ವರ್ಷ. ಅಪ್ಪ ಆಗ ಗಟ್ಟಿಮುಟ್ಟಾಗಿ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ನನ್ನ ಕೂಲಿ ಯಾರಿಗೂ ಬೇಕಾಗಿರಲಿಲ್ಲ. ನಾನು ಬಿಟ್ಟದ್ದು ದಶಮಾಂಶ ಲೆಕ್ಕಕ್ಕೆ ಹೆದರಿ. ಒಂದು ಚುಕ್ಕೆ ಅತ್ತಿತ್ತ ಸರಿದರೆ ಇಡೀ ಲೆಕ್ಕ ತಪ್ಪಾಗುವುದಾದರೆ ಆ ವಿದ್ಯೆಯಲ್ಲಿ ಏನೋ ಮೋಸವಿದೆ ಎಂದು ನನಗನಿಸಿತ್ತು. ಮುಂದೆ ಅಪ್ಪ ತೀರಿಕೊಂಡ, ತಂಗಿ ಓದುತ್ತ ಹೋದಳು, ನಾನು ಕುರ್ಚಿ ಹೊರುತ್ತ ಉಳಿದೆ. ಓಣಿಯವರೇ ಸೇರಿ ಈ ಮೂರನ್ನೂ ಹೊಲಿದು ತ್ಯಾಗ ಎಂಬ ಅಂಗಿ ಮಾಡಿ ನನಗೆ ತೊಡಿಸಿದರು. ಅಳತೆ ಸರಿಯಿರಲಿಲ್ಲ, ಆದರೂ ಬಿಚ್ಚಲು ಮನಸ್ಸಾಗಲಿಲ್ಲ. ಅಂದು ಸಿಂಹಾಸನದ ಮುಂದೆ ನಿಂತಾಗ ಆ ಅಂಗಿ ಇನ್ನಷ್ಟು ಮಿಂಚಿತು.

ಅದೇ ಉಬ್ಬಿನಲ್ಲಿದ್ದಾಗ ಮೇಡಂ ಕೊನೆಯ ಪ್ರಶ್ನೆ ಕೇಳಿದರು. ಮಖಮಲ್ಲಿನ ಮೇಲೆ ಕೈಯಾಡಿಸುತ್ತ, ಬಹಳ ಮೆಲ್ಲಗೆ: "ಇದೆಲ್ಲ ನಿಮ್ಮದೇನಾ?"

ನನ್ನ ಇಡೀ ತಪ್ಪು ಇರುವುದು ಈ ಜಾಗದಲ್ಲಿ. ಜಮಖಾನೆ ಹಾಸಿದ್ದು ರೂಢಿ, ಸಿಂಹಾಸನ ತಂದದ್ದು ದಡ್ಡತನ. ಆದರೆ ಆ ಪ್ರಶ್ನೆಗೆ "ಅಲ್ರಿ, ಅಂಗಡಿದು" ಎಂದಿದ್ದರೆ ಮುಗಿದಿತ್ತು. ಆಕೆ ಅದನ್ನೇ ಕೇಳಲು ಕಾಯುತ್ತಿದ್ದಂತಿತ್ತು. ನಾನು ಆ ಹೊತ್ತಿನಲ್ಲಿ ನಮ್ಮ ಮನೆಯನ್ನು ಒಮ್ಮೆ ನೋಡಿದೆ. ಜೀವಮಾನದಲ್ಲಿ ಮೊದಲ ಸಲ ಅದು ಚೆಂದ ಕಾಣುತ್ತಿತ್ತು. ಬಾಯಿ ತಾನೇ ಹೇಳಿತು: "ಹೌದ್ರಿ ಮೇಡಂ, ನಮ್ಮದ."

ಮೇಡಂ ಬರೆದುಕೊಂಡರು. ಹನ್ನೆರಡು ದಿನಕ್ಕೆ ಸುಜಾತಾಳ ಫೋನು ಬಂತು.

"ಯಣ್ಣಾ, ಮನ್ಯಾಗ ಏನ್ ಮಾಡೀದಿ?"

"ಏನಿಲ್ಲವ್ವಾ. ಚಹಾ ಕೊಟ್ವಿ."

"ಆದಾಯ ಪತ್ರದಾಗ ಒಂದ ಅದ, ಮನಿ ಫೋಟೋದಾಗ ಒಂದ ಅದ ಅಂತ ನನ್ನ ಅರ್ಜಿ ತಡದಾರ. ಫೋಟೋ ಕಳಿಸ್ಯಾರ, ನೋಡೀನಿ. ಯವ್ವ ಸಿಂಹದ ಮ್ಯಾಲ ಯಾಕ ಕುಂತಾಳ?"

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವಳು ಹೇಳಿದ್ದು ಇಷ್ಟು: "ನಮಗ ಮೊದಲನೇ ಪಾಠ ಇದ ನೋಡು ಯಣ್ಣಾ. ಕಂಪ್ಯೂಟರಿಗೆ ಖರೆ ಸುಳ್ಳು ಗೊತ್ತಾಗಂಗಿಲ್ಲ. ಹೇಳಿದ್ದನ್ನ ನಂಬ್ತದ. ರೋಗಿ ಆರಾಮ ಅದೀನಿ ಅಂದ್ರ ಆರಾಮ ಅಂತನ ಬರಕೊಳ್ತದ."

ಅದು ಅವ್ವನಿಗೂ ಒಪ್ಪುವ ಮಾತು. ನಮ್ಮವ್ವ ರಾಯಚೂರಿನ ಡಾಕ್ಟರ ಹತ್ತಿರ ಹೋಗುವಾಗ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಡುತ್ತಾಳೆ, ಮುಖ ತೊಳೆದು ಪೌಡರು ಹಚ್ಚಿಕೊಳ್ಳುತ್ತಾಳೆ. "ಹೆಂಗದೀರವ್ವಾ?" ಎಂದು ಡಾಕ್ಟರು ಕೇಳಿದರೆ "ಆರಾಮ ಅದೀನ್ರೀ, ನೀವು ಆರಾಮದೀರಿಲ್ಲ?" ಎನ್ನುತ್ತಾಳೆ. ಮನೆಗೆ ಬಂದು ಮೂರು ದಿನ ನರಳುತ್ತಾಳೆ. ಹೊರಗಿನವರ ಮುಂದೆ ಕುಂದು ತೋರಿಸಬಾರದು ಎನ್ನುವುದು ನಮ್ಮ ರಕ್ತದಲ್ಲೇ ಇದೆ. ರಕ್ತದ ಆ ಪರೀಕ್ಷೆಯನ್ನು ಮಾತ್ರ ಯಾವ ಊರಿನವರೂ ಮಾಡಿಸಿಲ್ಲ.

ಮರುದಿನವೇ ರಾಯಚೂರಿಗೆ ಹೋಗಿ ಮೇಡಮ್ಮಿನ ಆಫೀಸು ಹುಡುಕಿದೆ. ಸಾಮಾನು ನಮ್ಮವು, ಇವ ನಮ್ಮ ಆಳು ಎಂದು ಸಾವ್ಕಾರರು ಬರೆದ ಚೀಟಿ ಕೊಟ್ಟೆ. ಮೇಡಂ ಓದಿದರು. "ನನಗೂ ಅನುಮಾನ ಬಂದಿತ್ತು ಹನುಮಂತ ಅವರೇ. ಆದರೆ ಮನೆಯವರೇ ನಮ್ಮದು ಅಂದಮೇಲೆ ಅಲ್ಲ ಅಂತ ನಾನು ಹೇಗೆ ಬರೀಲಿ? ಮತ್ತೊಮ್ಮೆ ಬಂದು ನೋಡಲೇಬೇಕು. ಯಾವತ್ತು ಅಂತ ಹೇಳಲ್ಲ," ಎಂದರು.

ಇಷ್ಟಾದ ಮೇಲೆ ಸುಮ್ಮನಿದ್ದಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಬಸ್ಸಿನಲ್ಲಿ ಮಾನ್ವಿಯವರೆಗೂ ಒಂದೇ ವಿಚಾರ: ಈಗ ಎರಡನೆಯ ಮಾತು ಕೇಳಿಸಿಕೊಳ್ಳಬೇಕು. ಮನೆ ಬಡವರದು ಇರಬೇಕು. ಇಳಿದವನೇ ಕೆಲಸಕ್ಕೆ ಹತ್ತಿದೆ. ನಮ್ಮ ಮನೆಯಲ್ಲಿ ನಿಜವಾಗಿ ನಮ್ಮದೇ ಆದ ಸಾಮಾನು ಮೂರಿದ್ದವು: ಒಂದು ಟಿವಿ, ಒಂದು ಗ್ಯಾಸಿನ ಒಲೆ, ಒಂದು ಸೀಲಿಂಗ್ ಫ್ಯಾನು. ಮೂರನ್ನೂ ಪಕ್ಕದ ಮನೆಗೆ ಸಾಗಿಸಿದೆ. ಫ್ಯಾನು ಸುಮ್ಮನೆ ಯಾಕೆ ಬಿದ್ದಿರಬೇಕೆಂದು ಅವರು ತಮ್ಮ ಪಡಸಾಲೆಗೆ ಹಾಕಿಕೊಂಡರು. ಅವ್ವ ಮೂರು ಕಲ್ಲಿಟ್ಟು ಕಟ್ಟಿಗೆ ಒಲೆ ಹೂಡಿದಳು. ರಾಯಚೂರು ಜಿಲ್ಲೆಯ ಬಿಸಿಲು, ತಗಡಿನ ಮನೆ, ಹೊಗೆ. ಎರಡು ದಿನ ತಡೆದಳು. ಮೂರನೆಯ ದಿನ ಕೆಮ್ಮುತ್ತ, ಊದುಗೊಳವೆ ಹಿಡಿದು ನನ್ನ ಮುಂದೆ ನಿಂತಳು. "ಲೇ, ನೀ ಮನಿ ಬಡವರದು ತೋರಸಾಕತ್ತೀಯೋ, ನನ್ನ ಹೆಣ ತೋರಸಾಕತ್ತೀಯೋ?"

ಅಷ್ಟರಲ್ಲಿ ಬಾಗಿಲಲ್ಲಿ ಮೇಡಂ ನಿಂತಿದ್ದರು. ಒಳಗೆ ಬಂದು ಫೋನು ತೆಗೆದು ಹಳೆಯ ಫೋಟೋ ನೋಡಿದರು, ಮೇಲೆ ನೋಡಿದರು, ಮತ್ತೆ ಫೋಟೋ ನೋಡಿದರು.

"ಹನುಮಂತ ಅವರೇ, ಆ ಬಿಳಿ ಬಟ್ಟೆಯ ಸಂದಿಯಲ್ಲಿ ಒಂದು ಫ್ಯಾನಿತ್ತು. ಅದೆಲ್ಲಿ?"

ನಾನು ಬಾಯಿ ತೆರೆದೆ. ಈ ಸಲ ಅದು ಏನು ಹೇಳುತ್ತಿತ್ತೋ ಗೊತ್ತಿಲ್ಲ. ಅವ್ವ ಮುಂದೆ ಬಂದು ತಡೆದಳು.

"ಅವನ್ನ ಕೇಳಬ್ಯಾಡ್ರಿ ಯವ್ವಾ. ಇವ ನನ್ನ ಮಗ. ಮೊದಲ ನಮ್ಮನ್ನ ದೊರಿ ಮಾಡಿ ತೋರಿಸಿದ. ಈಗ ಭಿಕ್ಷಾ ಬೇಡೋರ್ನ ಮಾಡಿ ತೋರಸಾಕತ್ತಾನ. ನಮ್ಮ ಮನಿ ಎರಡರ ನಡುವ ಎಲ್ಲೋ ಅದ. ಬರ್ರಿ, ನಾ ತೋರಸ್ತೀನಿ."

ಮೇಡಮ್ಮಿನ ಕೈ ಹಿಡಿದು ಪಕ್ಕದ ಮನೆಗೆ ಕರೆದುಕೊಂಡು ಹೋದಳು. ಇದು ನಮ್ಮ ಟಿವಿ, ಇದು ನಮ್ಮ ಒಲಿ, ಅಕಾ ಅಲ್ಲಿ ತಿರಗಾಕತ್ತದಲ್ಲ ಅದು ನಮ್ಮ ಫ್ಯಾನು ಎಂದು ಒಂದೊಂದೇ ತೋರಿಸಿದಳು. ಮೇಡಂ ಅವುಗಳ ಫೋಟೋ ತೆಗೆದರು. ತಿರುಗುತ್ತಿದ್ದ ಫ್ಯಾನಿನ ಫೋಟೋ ಸರಿಯಾಗಿ ಬರಲಿಲ್ಲವೆಂದು ಪಕ್ಕದ ಮನೆಯವರು ಅದನ್ನು ಆರಿಸಿ ಸಹಕರಿಸಿದರು. ವಾಪಸು ಬಂದು ನೆಲದ ಮೇಲೆಯೇ ಕೂತು, ಒಂದು ಬಿಳಿ ಹಾಳೆ ನನ್ನ ಮುಂದಿಟ್ಟರು. "ನಡೆದದ್ದನ್ನು ನಿಮ್ಮ ಕೈಯಲ್ಲೇ ಬರೆದು ಸಹಿ ಮಾಡಿ. ನಾಲ್ಕು ಸಾಲು ಸಾಕು."

ಬರೆದೆ. ಸಿಂಹಾಸನ ನಮ್ಮದಲ್ಲ ಎಂದು ಬರೆದೆ. ಜಮಖಾನೆ, ತೂಗುದೀಪ ನಮ್ಮದಲ್ಲ ಎಂದು ಬರೆದೆ. ನಾಲ್ಕು ಸಾಲಾಯಿತು, ಆದರೂ ಪೆನ್ನು ನಿಲ್ಲಲಿಲ್ಲ. ತಂಗಿಗಾಗಿ ಶಾಲೆ ಬಿಟ್ಟೆ ಎನ್ನುವುದೂ ಸುಳ್ಳು, ದಶಮಾಂಶಕ್ಕೆ ಹೆದರಿ ಬಿಟ್ಟೆ, ಇದರಲ್ಲಿ ತಂಗಿಯ ತಪ್ಪಿಲ್ಲ, ಆಕೆಗೆ ಹಾಗೆ ಹೇಳಿದವರು ನಾವೇ ಎಂದೂ ಬರೆದೆ. ಮೇಡಂ ಓದಿ ನನ್ನ ಮುಖ ನೋಡಿದರು. "ಇದನ್ನು ಯಾರೂ ಕೇಳಿರಲಿಲ್ಲವಲ್ಲ," ಎಂದರು. ನಾನು ತಲೆ ತಗ್ಗಿಸಿದೆ. ಈ ಸಲ ಅದು ಯಾವುದರಂತೆ ಕಂಡಿತೋ ತಿಳಿಯದು.

ಸ್ಕಾಲರ್‌ಶಿಪ್ ಬಂತು. ಆದರೆ ಬರಬೇಕಾದ ಹೊತ್ತಿಗಿಂತ ಎರಡು ತಿಂಗಳು ತಡವಾಗಿ. ಆ ಎರಡು ತಿಂಗಳು ಸುಜಾತಾಗೆ ಹಾಸ್ಟೆಲಿನಲ್ಲಿ ಸೀಟಿರಲಿಲ್ಲ. ಜೊತೆಯಲ್ಲಿ ಓದುವ ಹುಡುಗಿಯ ಕೋಣೆಯಲ್ಲಿ, ಎರಡು ಮಂಚದ ನಡುವಿನ ಸಂದಿಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದಳಂತೆ. ನನಗೆ ಹೇಳಬೇಡವೆಂದು ಅವ್ವನಿಂದ ಆಣೆ ಹಾಕಿಸಿಕೊಂಡಿದ್ದಳು. ಅವ್ವ ಆಣೆ ಮುರಿದು ಹೇಳಿದಳು. ಊರಿನ ಮದುಮಕ್ಕಳಿಗೆಲ್ಲ ಮಖಮಲ್ಲು ಹಾಸುವವನ ತಂಗಿ ಎರಡು ತಿಂಗಳು ಚಾಪೆಯ ಮೇಲೆ. ಫೋನು ಮಾಡಿ, "ಸುಜಿ, ತಪ್ಪಾತು" ಎಂದೆ. "ಬಿಡು ಯಣ್ಣಾ. ನೀ ಬರದ ಹಾಳಿ ನನಗೂ ಕಳಿಸಿದ್ರು," ಎಂದಳು. "ಓದೀದಿ?" ಎಂದೆ. "ಓದೀನಿ. ನಮ್ಮ ಮನಿ ಬಗ್ಗೆ ಇರೋ ಕಾಗದದಾಗ ಖರೆ ಅಂದ್ರ ಅದೊಂದ. ದಶಮಾಂಶ ಭಾಳ ಸಸಾರ ಅದ ಯಣ್ಣಾ, ರಜಾಕ್ಕ ಬಂದಾಗ ಹೇಳಿಕೊಡ್ತೀನಿ," ಎಂದು ಫೋನಿಟ್ಟಳು. ಕ್ಷಮಿಸಿದಳೋ, ಶಿಕ್ಷೆ ಕೊಟ್ಟಳೋ, ಇವತ್ತಿಗೂ ನನಗೆ ಗೊಂದಲ.

ಈಗ ಎರಡನೆಯ ವರ್ಷ ಬಂದಿದೆ. ವರ್ಷಕ್ಕೊಮ್ಮೆ ಮನೆ ನೋಡಿಯೇ ಸ್ಕಾಲರ್‌ಶಿಪ್ ಮುಂದುವರಿಸುತ್ತಾರಂತೆ. ಬರುವ ಸೋಮವಾರ ಮೇಡಂ ಮತ್ತೆ ಬರುತ್ತಾರೆ. ನಾನು ಏನನ್ನೂ ತಂದಿಲ್ಲ, ಏನನ್ನೂ ಒಯ್ದಿಲ್ಲ. ಗೋಡೆಯ ಸುಣ್ಣ ಒಂದು ಕಡೆ ಉದುರಿದೆ. ಅದಕ್ಕೆ ಸುಣ್ಣ ಹಚ್ಚಿದರೆ ಹೆಚ್ಚಾಗುತ್ತದೋ, ಹಾಗೇ ಬಿಟ್ಟರೆ ಬೇಕೆಂದೇ ಉದುರಿಸಿದಂತೆ ಕಾಣುತ್ತದೋ ಎಂದು ನಾಲ್ಕು ದಿನದಿಂದ ಅದರ ಮುಂದೆ ನಿಲ್ಲುತ್ತಿದ್ದೇನೆ. ನಿನ್ನೆ ಅವ್ವ ನೋಡಿದಳು.

"ಲೇ ಹನುಮ್ಯಾ, ಸೋಮಾರ ನೀ ದೇವದುರ್ಗಕ್ಕ ಹೋಗಿಬಿಡು. ಸಾವ್ಕಾರ್ರಿಗೆ ಹೇಳೀನಿ, ಅಲ್ಲೊಂದು ಕೆಲಸ ಅದ ಅಂತ."

"ಯಾಕ ಯವ್ವಾ? ನಾ ಏನೂ ಮಾಡಾಕತ್ತಿಲ್ಲಲ್ಲ?"

"ಅದನ್ನೂ ನೀ ಭಾಳ ಜೋರ್ ಮಾಡಾಕತ್ತೀ."

ನಮ್ಮ ಮನೆ ಇದ್ದದ್ದು ಇದ್ದಂತೆ ಕಾಣಬೇಕಾದರೆ ಅಲ್ಲಿಂದ ಹೊರಗೆ ಸಾಗಿಸಬೇಕಾದ ಸಾಮಾನು ಒಂದೇ ಒಂದು ಎನ್ನುವುದು ನನಗೂ ತಿಳಿದಿದೆ. ಸೋಮವಾರ ಬೆಳಗಿನ ಮೊದಲ ಬಸ್ಸಿಗೇ ಅದನ್ನು ಸಾಗಿಸುತ್ತೇನೆ.